ಊರಿನ ಲೆಕ್ಕ, ದಾರಿಯ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಮೇಷ್ಟ್ರ ಉತ್ತರ

ಈ ತಿಂಗಳ ಪತ್ರಗಳಲ್ಲಿ ಹೆಚ್ಚಿನವು ಹಳ್ಳಿಯ ಜನಸಂಖ್ಯೆ, ರಸ್ತೆ, ಬಸ್ಸುಗಳ ಬಗ್ಗೆಯೇ ಇವೆ. ಜನಗಣತಿಯ ಮಾತು ಮತ್ತೆ ಎದ್ದಿರುವುದೇ ಕಾರಣವಿರಬೇಕು. ಸಾಗರ, ಹೊಸನಗರ ಸೀಮೆಯ ಸರ್ಕಾರಿ ಶಾಲೆಗಳಲ್ಲಿ ಮೇಷ್ಟ್ರಾಗಿ ನಿವೃತ್ತನಾದವನು ನಾನು. 1991, 2001, 2011ರ ಮೂರು ಗಣತಿಗಳಲ್ಲೂ ಗಣತಿದಾರನಾಗಿ ಮನೆಮನೆ ತಿರುಗಿದ್ದೇನೆ. ಪತ್ರ ಬರೆದವರಲ್ಲಿ ಹಲವರು ತಮ್ಮ ಹೆಸರು, ಊರಿನ ಹೆಸರು ಹಾಕಬೇಡಿ ಎಂದು ಕೇಳಿಕೊಂಡಿರುವುದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ತವರು ಹೊಸನಗರ ತಾಲ್ಲೂಕಿನಲ್ಲಿದೆ. 2011ರ ಜನಗಣತಿಯ ಪಟ್ಟಿಯಲ್ಲಿ ನಮ್ಮ ಊರಿನ ಹೆಸರನ್ನು ಎಷ್ಟು ಹುಡುಕಿದರೂ ಸಿಗಲಿಲ್ಲ. ಪಕ್ಕದ ಊರಿನ ಹೆಸರಿದೆ. ಅಲ್ಲಿ ಆರುನೂರು ಚಿಲ್ಲರೆ ಜನ, ಬಸ್ ಸೌಲಭ್ಯ ಇದೆ ಎಂದು ಬರೆದಿದ್ದಾರೆ. ನಮ್ಮಲ್ಲಿರುವುದು ಇಪ್ಪತ್ತಮೂರು ಮನೆ. ಬಸ್ಸಿಗೆ ನಾಲ್ಕು ಕಿಲೋಮೀಟರ್ ನಡೆಯಬೇಕು, ನಡುವೆ ಹಳ್ಳ ದಾಟಬೇಕು. ನಮ್ಮ ಊರು ಎಲ್ಲಿ ಹೋಯಿತು ಮೇಷ್ಟ್ರೇ? (ಓದುಗರು, ಬೆಂಗಳೂರು)

ಉತ್ತರ: ಎಲ್ಲಿಯೂ ಹೋಗಿಲ್ಲ ತಂಗಿ. ಆ ಆರುನೂರು ಚಿಲ್ಲರೆಯ ಒಳಗೇ ಸೇರಿಕೊಂಡಿದೆ.

ಜನಗಣತಿಯವರು 'ಗ್ರಾಮ' ಎನ್ನುವುದು ಕಂದಾಯ ಗ್ರಾಮಕ್ಕೆ. ಸರ್ವೆ ನಕ್ಷೆಯಲ್ಲಿ ಗಡಿ ಇರುವುದು, ಸರ್ವೆ ನಂಬರುಗಳಿರುವುದು ಯಾವುದೋ ಅದೇ ಗ್ರಾಮ. ನಾವು ಊರು ಎನ್ನುವುದು ಬೇರೆ. ಬಯಲುಸೀಮೆಯಲ್ಲಿ ಈ ಎರಡೂ ಬಹುಪಾಲು ಒಂದೇ ಆಗಿರುತ್ತವೆ. ಮನೆಗೆ ಮನೆ ತಾಗಿಕೊಂಡಿರುತ್ತದೆ, ಸುತ್ತ ಹೊಲ. ನಮ್ಮ ಮಲೆನಾಡಿನಲ್ಲಿ ಹಾಗಿಲ್ಲ. ತೋಟವಿದ್ದಲ್ಲಿ ಮನೆ, ನೀರಿದ್ದಲ್ಲಿ ತೋಟ. ಒಂದು ಕಂದಾಯ ಗ್ರಾಮದೊಳಗೆ ಐದು, ಆರು, ಕೆಲವು ಕಡೆ ಹತ್ತು ಮಜರೆಗಳು, ಅಂದರೆ ಆ ಗ್ರಾಮಕ್ಕೆ ಸೇರಿದ ಸಣ್ಣ ವಸತಿಗಳು, ಗುಡ್ಡದ ಮಡಿಲಿನಲ್ಲಿ ಚದುರಿಕೊಂಡಿರುತ್ತವೆ. ಪಟ್ಟಿಯಲ್ಲಿ ಅವೆಲ್ಲಕ್ಕೂ ಒಂದೇ ಹೆಸರು, ಒಂದೇ ಆರಂಕಿಯ ಸಂಕೇತ, ಒಂದೇ ಮೊತ್ತ. ಬಸ್ಸು ಆ ಗಡಿಯೊಳಗೆ ಎಲ್ಲಿ ನಿಂತರೂ ಇಡೀ ಗ್ರಾಮಕ್ಕೆ ಬಸ್ಸು ಇದೆ ಎಂದೇ ಲೆಕ್ಕ.

ನನ್ನ ಕೈಯಿಂದಲೇ ಆದದ್ದನ್ನು ಹೇಳುತ್ತೇನೆ. 2010ರ ಬೇಸಿಗೆಯಲ್ಲಿ ಮನೆಪಟ್ಟಿ ಮಾಡಲು ಹೋದಾಗ ಮೊದಲು ನಕ್ಷೆ ಬರೆಯಬೇಕಿತ್ತು. ಪಕ್ಕಾ ಮನೆಗೆ ಚೌಕ, ಕಚ್ಚಾ ಮನೆಗೆ ತ್ರಿಕೋನ, ವಾಸಕ್ಕಲ್ಲದ ಕಟ್ಟಡವಾದರೆ ಒಳಗೆ ಗೆರೆ ತುಂಬಬೇಕು. ನನ್ನ ಬ್ಲಾಕಿನ ನಡುವೆ ಒಂದು ಹಳ್ಳ ಹರಿಯುತ್ತಿತ್ತು. ಈಚೆಗೆ ಶಾಲೆ, ಅಂಗಡಿ, ಬಸ್ಸು ನಿಲ್ಲುವ ಅರಳಿಕಟ್ಟೆ. ಆಚೆಗೆ ಒಂಬತ್ತು ಮನೆ. ದಾಟಲು ಮೂರು ಅಡಿಕೆ ಮರದ ದಬ್ಬೆ ಕಟ್ಟಿದ ಕಾಲುಸಂಕ. ಒಂದು ಕಡೆ ಹಿಡಿದುಕೊಳ್ಳಲು ಬಿದಿರು, ಇನ್ನೊಂದು ಕಡೆ ಏನೂ ಇಲ್ಲ. ಎರಡನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಪುಸ್ತಕದ ಕಟ್ಟನ್ನು ಎದೆಗವಚಿಕೊಂಡು ಮುಂದೆ ನಡೆದಳು. ನಾನು ಕುಳಿತುಕೊಂಡು, ಜಾರಿಕೊಂಡು ದಾಟಿದೆ. ಅದು ಮೇ ತಿಂಗಳು, ಕೆಳಗೆ ನೀರು ಮೊಣಕಾಲಿಗೂ ಬರುತ್ತಿರಲಿಲ್ಲ. ಜುಲೈನಲ್ಲಿ ಹೇಗೆ ಶಾಲೆಗೆ ಬರುತ್ತೀಯೆ ಎಂದು ಕೇಳಿದೆ. 'ಜುಲೈನಲ್ಲಿ ಬರುವುದಿಲ್ಲ ಸಾರ್' ಎಂದಳು.

ಹಳ್ಳವನ್ನು ನೀಲಿ ಪೆನ್ಸಿಲ್ಲಿನಲ್ಲಿ ದಪ್ಪವಾಗಿ ಬರೆದೆ. ಆಚೆಯ ಒಂಬತ್ತು ಮನೆಗಳಿಗೂ ನಂಬರು ಹಾಕಿದೆ, ಒಂದೂ ಬಿಡಲಿಲ್ಲ. ಆದರೆ ಅಚ್ಚಾಗಿ ಬಂದ ಪಟ್ಟಿಯಲ್ಲಿ ಗ್ರಾಮದ ಹೆಸರಿನ ಎದುರು ಒಂದು ಸಾಲು ಅಂಕಿಗಳು ಮಾತ್ರ ಇದ್ದವು. ನನ್ನ ನಕ್ಷೆಯಲ್ಲಿದ್ದ ಹಳ್ಳ ಅಲ್ಲಿ ಇರಲಿಲ್ಲ. ನಿಮ್ಮ ಪತ್ರ ಓದಿದಾಗ ನನಗೆ ಮೊದಲು ನೆನಪಾದದ್ದು ಅದೇ.

ಈಗ ರಸ್ತೆಯ ಮಾತು. ಇಲ್ಲಿ ನಿಮಗೆ ಉಪಯೋಗಕ್ಕೆ ಬರುವ ಸಂಗತಿಯೊಂದಿದೆ. 2000ದ ಡಿಸೆಂಬರ್ 25ರಂದು ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಕಂದಾಯ ಗ್ರಾಮವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಜನವಸತಿಯನ್ನು ಹಿಡಿಯುತ್ತದೆ. ಅಂದರೆ ನಿಮ್ಮ ಮಜರೆಯೇ ಒಂದು ಘಟಕ. ಬಯಲು ಪ್ರದೇಶದಲ್ಲಿ 500 ಜನ ಇರುವ ಜನವಸತಿಗೆ ಸರ್ವಋತು ರಸ್ತೆ ಎನ್ನುವುದು ನಿಯಮ. ಗುಡ್ಡಗಾಡು ರಾಜ್ಯಗಳು, ಮರುಭೂಮಿ, ಬುಡಕಟ್ಟು ಪ್ರದೇಶಗಳಿಗೆ 250 ಜನ ಸಾಕು. 2024ರಲ್ಲಿ ಒಪ್ಪಿಗೆ ಪಡೆದ ಅದರ ನಾಲ್ಕನೆಯ ಹಂತದಲ್ಲಿ 2011ರ ಜನಸಂಖ್ಯೆಯನ್ನು ಆಧಾರವಾಗಿ ಇಟ್ಟುಕೊಂಡಿದ್ದಾರೆ. ನಮ್ಮದು ಎಷ್ಟೇ ಗುಡ್ಡವಾದರೂ ಕರ್ನಾಟಕ ಆ ಗುಡ್ಡಗಾಡು ರಾಜ್ಯಗಳ ಪಟ್ಟಿಯಲ್ಲಿಲ್ಲ. ಇಪ್ಪತ್ತಮೂರು ಮನೆಯ ಊರಿಗೆ 500 ಎಲ್ಲಿಂದ ಬರಬೇಕು? ಈ ಅಳತೆ ಮಲೆನಾಡಿಗೆ ಹೊಂದುವುದಿಲ್ಲ ಎಂದು ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ. ಹೊಳೆ, ಗುಡ್ಡ, ಮಳೆ ಇರುವ ಕಡೆ ತಲೆ ಎಣಿಸುವುದರ ಜೊತೆಗೆ, ಆ ತಲೆಗಳು ವರ್ಷಕ್ಕೆ ಎಷ್ಟು ದಿನ ಊರಿನಿಂದ ಹೊರಗೆ ಬರಲಾರವು ಎಂಬುದನ್ನೂ ಎಣಿಸಬೇಕು.

ಆದರೂ ಒಂದು ದಾರಿ ಇದೆ. 500 ಮೀಟರ್ ತ್ರಿಜ್ಯದೊಳಗೆ ಇರುವ ಬೇರೆ ಬೇರೆ ವಸತಿಗಳನ್ನು ಒಟ್ಟುಗೂಡಿಸಿ ಒಂದೇ ಜನವಸತಿ ಎಂದು ಲೆಕ್ಕ ಹಾಕಲು ಆ ಯೋಜನೆಯಲ್ಲಿ ಅವಕಾಶವಿದೆ. ನಿಮ್ಮ ಕೆಳಗಿನ ಕೇರಿ, ಮೇಲಿನ ಕೇರಿ, ತೋಟದಾಚೆಯ ಒಂಟಿ ಮನೆಗಳು ಎಲ್ಲ ಸೇರಿ ಎಷ್ಟಾಗುತ್ತವೆ ಎಂದು ಮನೆವಾರು ಬರೆದು, ಗ್ರಾಮ ಸಭೆಯಲ್ಲಿ ಓದಿಸಿ, ನಡಾವಳಿಯಲ್ಲಿ ದಾಖಲು ಮಾಡಿಸಿ. ಬಾಯಿಮಾತಿನ ಬೇಡಿಕೆ ಸಭೆಯ ಚಹಾದ ಜೊತೆಗೇ ಮುಗಿದುಹೋಗುತ್ತದೆ, ನಡಾವಳಿಯ ಪ್ರತಿ ಉಳಿಯುತ್ತದೆ. ಹಳ್ಳದ ಕಾಲುಸಂಕದ ಬೇಡಿಕೆಯನ್ನು ರಸ್ತೆಯ ಜೊತೆ ಸೇರಿಸದೆ ಬೇರೆಯಾಗಿಯೇ ಕೊಡಿ. ರಸ್ತೆಗಾಗಿ ಕಾಯುತ್ತ ಕುಳಿತರೆ ಆ ಮಕ್ಕಳ ಇನ್ನಷ್ಟು ಜುಲೈಗಳು ಹಾಳಾಗುತ್ತವೆ.

ಪ್ರಶ್ನೆ: ನಮ್ಮ ಪಹಣಿಯಲ್ಲಿ ಒಂದು ಗ್ರಾಮದ ಹೆಸರಿದೆ. ಅಲ್ಲಿ ಒಂದು ಮನೆಯೂ ಇಲ್ಲ, ಹಾಳು ಗುಡಿಯೊಂದಿದೆ ಅಷ್ಟೆ. ಜನರಿಲ್ಲದ್ದು ಗ್ರಾಮ ಹೇಗಾಗುತ್ತದೆ? (ಓದುಗರು, ಧಾರವಾಡ ಜಿಲ್ಲೆ)

ಉತ್ತರ: ಕಂದಾಯದವರು ಅದನ್ನು ಬೇಚರಾಕ್ ಗ್ರಾಮ ಎನ್ನುತ್ತಾರೆ. ಪಾರಸಿಯ ಬೇ-ಚಿರಾಗ್, ಅಂದರೆ ದೀಪವಿಲ್ಲದ್ದು. ದೀಪ ಹಚ್ಚುವವರು ಯಾರೂ ಉಳಿದಿಲ್ಲ, ಆದರೆ ಗಡಿಕಲ್ಲು ಇದೆ, ಸರ್ವೆ ನಂಬರು ಇದೆ. ಪ್ಲೇಗು, ಬರ, ನೀರಿನ ಅಭಾವ, ಅಣೆಕಟ್ಟು ಹೀಗೆ ಊರು ಬಿಟ್ಟ ಕಾರಣಗಳು ಒಂದೊಂದು ಕಡೆ ಒಂದೊಂದು. 2011ರ ಗಣತಿಯಲ್ಲಿ ಕರ್ನಾಟಕದ ಗ್ರಾಮಗಳು 29,340. ಅವುಗಳಲ್ಲಿ ಜನ ಇರುವುದು 27,397ರಲ್ಲಿ. ಉಳಿದವು ನಿಮ್ಮ ಆ ಗುಡಿಯ ಊರಿನ ಹಾಗೆ.

ಇದರ ಮತ್ತೊಂದು ಮುಖ ನನ್ನನ್ನು ಹೆಚ್ಚು ಕಾಡುತ್ತದೆ. ದಾಖಲೆಯಲ್ಲಿರುವ ಊರಿನಲ್ಲಿ ಜನರಿಲ್ಲ. ಜನರಿರುವ ತಾಂಡಾ, ಹಟ್ಟಿ, ಹಾಡಿಗಳಿಗೆ ದಾಖಲೆ ಇಲ್ಲ. ಎರಡು ಮೂರು ತಲೆಮಾರು ಬಾಳಿದ ಮನೆಗೂ ಹಕ್ಕುಪತ್ರವಿಲ್ಲ, ಯಾವುದೋ ಊರಿನ ಬಾಲದಲ್ಲಿ ಅವರ ಲೆಕ್ಕ. ಇಂಥ ವಸತಿಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸ ಕೆಲವು ವರ್ಷಗಳಿಂದ ನಡೆದಿದೆ. 2023ರ ಜನವರಿಯಲ್ಲಿ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ರಮವಾಯಿತು. ನಿಮ್ಮ ಸುತ್ತಮುತ್ತ ಇನ್ನೂ ಹೆಸರು ಸಿಗದ ವಸತಿ ಇದ್ದರೆ ತಹಶೀಲ್ದಾರರಿಗೆ ಅರ್ಜಿ ಬರೆಯಲು ಅವರಿಗೆ ನೆರವಾಗಿ.

ಪ್ರಶ್ನೆ: ನಮ್ಮ ಊರಿಗೆ ಸಂಜೆ ಬಂದು, ರಾತ್ರಿ ತಂಗಿ, ಬೆಳಿಗ್ಗೆ ಹೋಗುವ ಸರ್ಕಾರಿ ಬಸ್ಸಿತ್ತು. ಕೊರೊನಾ ಕಾಲದಲ್ಲಿ ನಿಂತದ್ದು ಮತ್ತೆ ಬರಲೇ ಇಲ್ಲ. ಕೇಳಿದರೆ 'ಕಲೆಕ್ಷನ್ ಇಲ್ಲ' ಎನ್ನುತ್ತಾರೆ. ಏನು ಮಾಡಬೇಕು? (ಓದುಗರು, ಸೊರಬ ತಾಲ್ಲೂಕು)

ಉತ್ತರ: ಹಾಲ್ಟಿಂಗ್ ಬಸ್ಸು ನಿಂತರೆ ಊರಿಗೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡವನು. ನಾನಿದ್ದ ಶಾಲೆಯೊಂದರ ಜಗಲಿಯಲ್ಲೇ ಕಂಡಕ್ಟರ್ ಮಲಗುತ್ತಿದ್ದರು. ರಾತ್ರಿ ಎಂಟರ ಹೊತ್ತಿಗೆ ಬಸ್ಸು ಬಂದರೆ, ಊಟ ಮುಗಿಸಿ, ಬಲ್ಬಿನ ಕೆಳಗೆ ಟವೆಲ್ ಹಾಸಿ, ಚಿಲ್ಲರೆಯನ್ನು ನಾಣ್ಯಕ್ಕೊಂದರಂತೆ ಸಾಲು ಮಾಡಿ ಪೇರಿಸಿ ಎಣಿಸುತ್ತಿದ್ದರು. ಡ್ರೈವರ್ ಬಸ್ಸಿನೊಳಗೇ ಹಿಂದಿನ ಉದ್ದ ಸೀಟಿನ ಮೇಲೆ ಮಲಗುತ್ತಿದ್ದರು. ಬೆಳಿಗ್ಗೆ ಆರಕ್ಕೆ ಎಂಜಿನ್ ಬಿಸಿ ಮಾಡುವ ಸದ್ದು ಕೇಳಿದರೆ ಮೇಲಿನ ಕೇರಿಯ ಹುಡುಗರು ಓಡಿ ಬರುತ್ತಿದ್ದರು. ಹಾಲಿನ ಕ್ಯಾನು, ಬಾಳೆಗೊನೆ, ತಾಲ್ಲೂಕು ಆಸ್ಪತ್ರೆಗೆ ಹೊರಟ ಬಸುರಿ, ಕಾಲೇಜಿನ ಐದಾರು ಹೆಣ್ಣುಮಕ್ಕಳು, ಎಲ್ಲರೂ ಅದರಲ್ಲೇ. ಆ ಬಸ್ಸು ನಿಂತ ವರ್ಷ ಇಬ್ಬರು ಹುಡುಗಿಯರ ಪದವಿ ಓದು ನಿಂತಿತು. ಹಾಸ್ಟೆಲ್ಲಿಗೆ ಕಳಿಸುವಷ್ಟು ಶಕ್ತಿ ಅವರ ಮನೆಯವರಿಗೆ ಇರಲಿಲ್ಲ.

ಬಸ್ಸನ್ನು ಮಾರ್ಗಕ್ಕೆ ಹಾಕುವ ಮೊದಲು ಘಟಕದವರು, ಅಂದರೆ ಡಿಪೋದವರು, ನೋಡುವುದು ಮೂರು ನಾಲ್ಕು ಸಂಗತಿ. ಒಂದು ಕಿಲೋಮೀಟರಿಗೆ ಎಷ್ಟು ಗಳಿಕೆ, ರಸ್ತೆ ಮತ್ತು ಮೋರಿಗಳು ಬಸ್ಸಿನ ತೂಕ ತಡೆಯುತ್ತವೆಯೇ, ಕೊನೆಯಲ್ಲಿ ಬಸ್ಸು ತಿರುಗಿಸಲು ಜಾಗವಿದೆಯೇ, ರಾತ್ರಿ ತಂಗುವುದಾದರೆ ಸಿಬ್ಬಂದಿಗೆ ಮಲಗಲು ಜಾಗ, ನೀರು, ಶೌಚಾಲಯ ಇವೆಯೇ. ಊರಿನವರ ಅರ್ಜಿಗಳಲ್ಲಿ ಸಾಮಾನ್ಯವಾಗಿ 'ನಮಗೆ ತುಂಬಾ ತೊಂದರೆಯಾಗಿದೆ' ಎಂಬ ಸಾಲು ಮಾತ್ರ ಇರುತ್ತದೆ. ಅದರಿಂದ ಕೆಲಸವಾಗುವುದಿಲ್ಲ. ಪಾಸು ಇರುವ ವಿದ್ಯಾರ್ಥಿಗಳೆಷ್ಟು, ಯಾವ ಶಾಲೆ ಕಾಲೇಜಿಗೆ ಎಷ್ಟು ಗಂಟೆಗೆ ಮುಟ್ಟಬೇಕು, ಸಂತೆಯ ದಿನ ಎಷ್ಟು ಜನ, ದಾರಿಯ ಇಕ್ಕೆಲದ ಯಾವ ಯಾವ ಮಜರೆಯವರು ಎಲ್ಲಿ ಹತ್ತುತ್ತಾರೆ ಎಂದು ಬರೆಯಿರಿ. ತಂಗುವ ಕೋಣೆಯನ್ನು ಊರಿನವರೇ ಒದಗಿಸುವುದಾಗಿ ಒಪ್ಪಿಕೊಳ್ಳಿ. ಘಟಕ ವ್ಯವಸ್ಥಾಪಕರಿಗೆ ಒಂದು ಪ್ರತಿ, ವಿಭಾಗೀಯ ನಿಯಂತ್ರಣಾಧಿಕಾರಿಗಳಿಗೆ ಒಂದು ಪ್ರತಿ. ಪಕ್ಕದ ಎರಡು ಊರಿನವರನ್ನೂ ಸೇರಿಸಿಕೊಂಡರೆ ಮಾರ್ಗಕ್ಕೆ ಬಲ ಬರುತ್ತದೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿದೆ. ಹೆಂಗಸರು ದುಡ್ಡು ಕೊಡುವುದಿಲ್ಲವಾದ್ದರಿಂದ ಅವರ ಪ್ರಯಾಣ ಲೆಕ್ಕಕ್ಕಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಶೂನ್ಯ ದರದ ಪ್ರತಿ ಟಿಕೆಟ್ಟಿನ ಹಣವನ್ನೂ ಸರ್ಕಾರ ಸಂಸ್ಥೆಗೆ ಭರಿಸಬೇಕು. ಆದ್ದರಿಂದ ತಾಯಂದಿರೇ, ಎರಡು ಸ್ಟಾಪಿನ ಪ್ರಯಾಣವಾದರೂ ಟಿಕೆಟ್ ಕೇಳಿ ಪಡೆಯಿರಿ. ಆ ಚೀಟಿಯೇ ನಿಮ್ಮ ಊರಿನ ಸಾಕ್ಷಿ. ಮಲೆನಾಡು, ಕರಾವಳಿಯ ಎಷ್ಟೋ ಹಳ್ಳಿಗಳಿಗೆ ಖಾಸಗಿ ಬಸ್ಸೇ ಆಧಾರ, ಅಲ್ಲಿ ಈ ಸೌಲಭ್ಯವಿಲ್ಲ. ಅಂಥ ಮಾರ್ಗಗಳಲ್ಲಿ ದಿನಕ್ಕೊಂದಾದರೂ ಸರ್ಕಾರಿ ಬಸ್ಸು ಕೇಳುವುದು ನ್ಯಾಯವೇ.

ಪ್ರಶ್ನೆ: ಜನಗಣತಿಯ ಗ್ರಾಮಗಳ ಕೈಪಿಡಿಯಲ್ಲಿ ಬಸ್, ರೈಲು, ಅಂಚೆ ಕಾಲಂಗಳಲ್ಲಿ ಎ, ಬಿ, ಸಿ ಎಂದು ಬರೆದಿರುತ್ತಾರೆ. ಅರ್ಥವೇನು? (ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ಆ ಸೌಲಭ್ಯ ಗ್ರಾಮದೊಳಗೆ ಇಲ್ಲದಿದ್ದರೆ ಎಷ್ಟು ದೂರದಲ್ಲಿದೆ ಎಂಬುದು. ಎ ಎಂದರೆ 5 ಕಿಲೋಮೀಟರಿಗಿಂತ ಕಡಿಮೆ, ಬಿ ಎಂದರೆ 5ರಿಂದ 10, ಸಿ ಎಂದರೆ 10ಕ್ಕಿಂತ ಹೆಚ್ಚು. ನಡುವೆ ಗುಡ್ಡವಿದೆಯೇ ಹೊಳೆಯಿದೆಯೇ ಎಂಬುದು ಆ ಅಕ್ಷರದಲ್ಲಿ ಇರುವುದಿಲ್ಲ. ನೀನು ಯೋಜನಾ ವರದಿ ಬರೆಯುತ್ತಿರುವುದಾದರೆ ಒಂದು ಮಾತು ಹೇಳುತ್ತೇನೆ ಮಗೂ. ನಾನು ಯಾವ ಊರಿನ ಪಟ್ಟಿ ನೋಡಿದರೂ ಒಟ್ಟು ಜನಸಂಖ್ಯೆಗಿಂತ ಮೊದಲು 0–6 ವಯಸ್ಸಿನ ಕಾಲಂ ನೋಡುತ್ತೇನೆ. ಆ ಊರಿನ ಶಾಲೆ ಇನ್ನು ಐದು ವರ್ಷ ಉಳಿಯುತ್ತದೆಯೋ ಇಲ್ಲವೋ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ: ತುಮರಿಗೆ ಸೇತುವೆ ಆಯಿತಲ್ಲ, ಊರು ಬಿಟ್ಟು ಹೋದವರು ಇನ್ನು ಮರಳಿ ಬರುತ್ತಾರೆಯೇ? (ಓದುಗರು, ಸಾಗರ)

ಉತ್ತರ: ಈ ಪ್ರಶ್ನೆ ನಿಮ್ಮೊಬ್ಬರದಲ್ಲ, ನಮ್ಮ ಸೀಮೆಯ ಪ್ರತಿ ಮನೆಯದು. ಹೊರಗಿನ ಓದುಗರಿಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಊರುಗಳು, ಗದ್ದೆಗಳು, ಹಳೆಯ ದಾರಿಗಳು ಮುಳುಗಿದವು. ಅಲ್ಲಿಂದ ಎದ್ದವರು ಶಿವಮೊಗ್ಗ, ಸೊರಬದ ಕಡೆಗೆಲ್ಲ ಹಂಚಿಹೋದರು. ಹಿನ್ನೀರಿನ ಆಚೆ ಉಳಿದುಕೊಂಡ ತುಮರಿ ಮತ್ತು ಸುತ್ತಲ ಕರೂರು, ಭಾರಂಗಿ ಸೀಮೆ ಸಾಗರ ತಾಲ್ಲೂಕಿಗೇ ಸೇರಿದ್ದರೂ ಸಾಗರ ಪೇಟೆಗೆ ನೀರು ದಾಟಿಯೇ ಬರಬೇಕಾಯಿತು. ಇಲ್ಲವಾದರೆ ಹೊಸನಗರದ ಕಡೆಯಿಂದಲೋ ಕಾರ್ಗಲ್ ಕಡೆಯಿಂದಲೋ ಕಾಡುದಾರಿ ಸುತ್ತಬೇಕು. ನಾಡಿಗೆಲ್ಲ ಬೆಳಕು ಕೊಟ್ಟ ನೀರು ಅದು. 1,819 ಅಡಿ ಎಂದರೆ ಜಲಾಶಯ ತುಂಬಿತು ಎಂದು ಊರೆಲ್ಲ ಸಂಭ್ರಮಿಸುತ್ತಿದ್ದಾಗ ಆಚೆ ದಡದವರು ಬೇರೆಯದೇ ಲೆಕ್ಕ ಹಾಕುತ್ತಿದ್ದರು. ನೀರು ಹೆಚ್ಚಿದ್ದರೆ ಲಾಂಚು ಸಲೀಸು, ಬೇಸಿಗೆಯಲ್ಲಿ ತಳ ಕಂಡರೆ ವಾಹನ ಹತ್ತಿಸುವುದೇ ಬಂದ್.

ಅಂಬಾರಗೋಡ್ಲು ದಡದಲ್ಲಿ ನಾನು ಕಾದು ನಿಂತ ಸಂಜೆಗಳಿಗೆ ಲೆಕ್ಕವಿಲ್ಲ. ಕೊನೆಯ ಲಾಂಚು ಹೊರಟಿತೆಂದರೆ ಮುಗಿಯಿತು, ಆ ರಾತ್ರಿಗೆ ಆಚೆಯ ದಡ ಬೇರೆ ದೇಶ. ಒಮ್ಮೆ ದಡಕ್ಕೆ ಬಂದಾಗ ಲಾಂಚು ನೂರು ಮಾರು ದೂರ ಹೋಗಿತ್ತು. ನನ್ನ ಪಕ್ಕದಲ್ಲಿ ಆಸ್ಪತ್ರೆಯಿಂದ ಮರಳುತ್ತಿದ್ದ ಬಾಣಂತಿ, ಅವಳ ತಾಯಿ, ಟವೆಲ್ಲಿನಲ್ಲಿ ಸುತ್ತಿದ ಮಗು. ಲಾಂಚಿನವರು ನೋಡಿದರು. ಎಂಜಿನ್ನಿನ ಸದ್ದು ಬದಲಾಯಿತು, ಲಾಂಚು ನಿಧಾನವಾಗಿ ಹೊರಳಿ ಮರಳಿ ದಡಕ್ಕೆ ಬಂತು. ಹತ್ತಿದವರು ಯಾರೂ ಮಾತಾಡಲಿಲ್ಲ. ಒಬ್ಬರು ಎದ್ದು ತಮ್ಮ ಅಕ್ಕಿಮೂಟೆಯ ಮೇಲೆ ಬಾಣಂತಿಯನ್ನು ಕೂರಿಸಿದರು.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ಸಂಚಾರಕ್ಕೆ ತೆರೆಯಿತು. ಎರಡು ಕಿಲೋಮೀಟರಿಗೂ ಉದ್ದ, ಕೇಬಲ್ಲುಗಳ ಆಧಾರದಲ್ಲಿ ನಿಂತಿದೆ. ಅರವತ್ತೊಂದು ವರ್ಷ ಕಾದದ್ದನ್ನು ಈಗ ಕೆಲವು ನಿಮಿಷದಲ್ಲಿ ದಾಟುತ್ತೇವೆ. ಮೊದಲ ಸಲ ದಾಟುವಾಗ ನಾನು ಬಸ್ಸಿನ ಕಿಟಕಿಯಿಂದ ಹಳೆಯ ಲಾಂಚಿನ ಕಟ್ಟೆಯನ್ನು ಹುಡುಕುತ್ತಿದ್ದೆ.

ಜನ ಮರಳುತ್ತಾರೆಯೇ? ಸುಳ್ಳು ಆಸೆ ಹುಟ್ಟಿಸಲು ನನಗೆ ಇಷ್ಟವಿಲ್ಲ. 2001ರಿಂದ 2011ರ ನಡುವೆ ಕರ್ನಾಟಕದ ಜನಸಂಖ್ಯೆ ಶೇಕಡಾ 15.6ರಷ್ಟು ಬೆಳೆಯಿತು. ಹಳ್ಳಿಗಳಲ್ಲಿ ಬೆಳೆದದ್ದು ಶೇಕಡಾ 7.4 ಮಾತ್ರ. ನಮ್ಮ ಪಕ್ಕದ ಚಿಕ್ಕಮಗಳೂರು ಜಿಲ್ಲೆಯಲ್ಲಿ 11,40,905 ಇದ್ದದ್ದು 11,37,961ಕ್ಕೆ ಇಳಿಯಿತು. ಅಲ್ಲಿ ರಸ್ತೆಗಳು ಇಲ್ಲದೆ ಇಳಿದದ್ದಲ್ಲ. ದಾರಿ ಎಂಬುದು ಎರಡು ಕಡೆಗೂ ತೆರೆದಿರುತ್ತದೆ, ಹೋಗಲೂ ಬರಲೂ. ಆದರೆ ಸೇತುವೆಯಿಂದ ಒಂದು ಬದಲಾವಣೆ ಖಂಡಿತ ಆಗುತ್ತದೆ ಎಂದು ನಾನು ನಂಬಿದ್ದೇನೆ. ಇಷ್ಟು ದಿನ ತುಮರಿಯ ಕಡೆಯ ಮಗು ಹೈಸ್ಕೂಲು ಮುಗಿಸಿದರೆ ಮನೆ ಬಿಡಲೇಬೇಕಿತ್ತು. ಸಾಗರದಲ್ಲಿ ಕೋಣೆ, ನೆಂಟರ ಮನೆ, ಹಾಸ್ಟೆಲ್ಲು. ಹದಿನಾರಕ್ಕೆ ಮನೆ ಬಿಟ್ಟ ಮಕ್ಕಳು ಮರಳುವುದು ಅಪರೂಪ. ಇನ್ನು ಮುಂದೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬಂದು ಊಟ ಮಾಡಬಹುದು. ಅದಕ್ಕೆ ಕಾಲೇಜಿನ ಹೊತ್ತಿಗೆ ಸರಿಯಾದ ಬಸ್ಸು ಬೇಕು. ಸಿಗಂದೂರಿನ ಯಾತ್ರಿಕರ ಹೊತ್ತಿನ ಬಸ್ಸುಗಳ ಜೊತೆಗೆ ಇದನ್ನೂ ಕೇಳಿ, ಈಗಲೇ ಕೇಳಿ.

ಪ್ರಶ್ನೆ: ನನ್ನ ಇಬ್ಬರು ಮಕ್ಕಳೂ ಬೆಂಗಳೂರಿನಲ್ಲಿದ್ದಾರೆ. ರೇಷನ್ ಕಾರ್ಡಿನಲ್ಲಿ ಅವರ ಹೆಸರು ಇಲ್ಲಿಯೇ ಇದೆ. ಮುಂದಿನ ಜನಗಣತಿಯಲ್ಲಿ ಅವರನ್ನು ಊರಿನ ಲೆಕ್ಕಕ್ಕೆ ಬರೆಸಬಹುದೇ? ನಮ್ಮ ಊರಿನ ಸಂಖ್ಯೆ ಕಡಿಮೆಯಾಗದಿರಲಿ ಎಂಬ ಆಸೆ. (ಹಿರಿಯ ಓದುಗರು, ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಬರೆಸಲಾಗದು ಸ್ವಾಮಿ. ರೇಷನ್ ಕಾರ್ಡಿಗೂ ಗಣತಿಗೂ ಸಂಬಂಧವಿಲ್ಲ. ಕಳೆದ ಗಣತಿಯ ನಿಯಮ ಹೀಗಿತ್ತು: 2011ರ ಫೆಬ್ರವರಿ 9ರಿಂದ 28ರವರೆಗಿನ ಅವಧಿಯಲ್ಲಿ ಯಾರು ಆ ಮನೆಯ ಸಾಮಾನ್ಯ ನಿವಾಸಿಯಾಗಿದ್ದು, ಆ ದಿನಗಳಲ್ಲಿ ಸ್ವಲ್ಪ ಕಾಲವಾದರೂ ಅಲ್ಲಿ ಇರುತ್ತಾರೋ ಅವರನ್ನು ಅಲ್ಲಿ ಬರೆಯಬೇಕು. ಇಡೀ ಅವಧಿ ಹೊರಗಿದ್ದವರನ್ನು ಅವರಿದ್ದಲ್ಲೇ ಬರೆಯುತ್ತಾರೆ. 1991ರಲ್ಲಿ ಮಾರ್ಚ್ 1ರ ಸೂರ್ಯೋದಯದ ಹೊತ್ತಿನ ಜನಸಂಖ್ಯೆ ಎಂದು ಲೆಕ್ಕ ಹಿಡಿದಿದ್ದರು, 2001ರಿಂದ ಅದು ನಡುರಾತ್ರಿಗೆ ಬಂತು. ಮುಂದಿನದಕ್ಕೆ 2027ರ ಮಾರ್ಚ್ 1ರ ನಡುರಾತ್ರಿಯನ್ನು ಗೊತ್ತುಮಾಡಿದ್ದಾರೆ, ಈ ಸಲ ಗಣತಿದಾರರ ಕೈಯಲ್ಲಿ ಕಾಗದದ ಬದಲು ಮೊಬೈಲ್ ಇರುತ್ತದೆ. ನಿಮ್ಮ ಮಕ್ಕಳನ್ನು ಎರಡೂ ಕಡೆ ಬರೆಸಿದರೆ ಎರಡೂ ಕಡೆಯ ಲೆಕ್ಕ ಕೆಡುತ್ತದೆ.

ನೀವು ಜಾಗ್ರತೆ ವಹಿಸಬೇಕಾದದ್ದು ಬೇರೆ ಕಡೆ. ಊರಿನಲ್ಲಿ ಇದ್ದೂ ಲೆಕ್ಕ ತಪ್ಪುವವರಿದ್ದಾರೆ. ಹಾಸಿಗೆ ಹಿಡಿದ ಮುದುಕರು, ಹುಟ್ಟಿ ಇನ್ನೂ ಹೆಸರಿಡದ ಕೂಸು, ತೋಟದ ಕೆಲಸಕ್ಕೆ ಬಂದು ಶೆಡ್ಡಿನಲ್ಲಿರುವ ಕುಟುಂಬ. ಗಣತಿದಾರರು ಬಂದಾಗ ಇವರ ಹೆಸರು ನೀವು ನೆನಪಿಸಿ.

ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. 2011ರ ಫೆಬ್ರವರಿಯಲ್ಲಿ ಒಬ್ಬ ತಾಯಿ ಇದೇ ಮಾತಿಗೆ ಹಟ ಹಿಡಿದರು. ಒಳಗೆ ಹೋಗಿ ಒಂದು ಸ್ಟೀಲ್ ತಟ್ಟೆ ತಂದು ನನ್ನ ಮುಂದೆ ಇಟ್ಟರು. ಅಂಚಿನಲ್ಲಿ ಮಗನ ಹೆಸರು ಕೊರೆದಿತ್ತು. 'ಅವನ ತಟ್ಟೆ ಇಲ್ಲಿದೆ, ಅವನನ್ನು ಹೇಗೆ ಬಿಡುತ್ತೀರಿ?' ಎಂದರು. ಕಳೆದ ಸಲ ಯಾವಾಗ ಬಂದಿದ್ದ ಎಂದು ಕೇಳಿದೆ. ದೀಪಾವಳಿಗೆ. ಇನ್ನು ಯಾವಾಗ ಬರುತ್ತಾನೆ? ಯುಗಾದಿಗೆ ಬರಬಹುದು. ಆ ವರ್ಷದ ಯುಗಾದಿ ಏಪ್ರಿಲ್‌ನಲ್ಲಿತ್ತು. ನಮೂನೆಯಲ್ಲಿ ಆ ಮನೆಗೆ ಗಂಡು ಒಂದು, ಹೆಣ್ಣು ಒಂದು, ಒಟ್ಟು ಎರಡು ಎಂದು ಬರೆದೆ. ಅವರು ತಟ್ಟೆಯನ್ನು ಸೆರಗಿನಿಂದ ಒರೆಸಿ, ಅದರಲ್ಲೇ ನನಗೆ ಅವಲಕ್ಕಿ ಹಾಕಿ ಕೊಟ್ಟರು.